ಗಾಜಿಲ್ಲದ ಪಟ

ಜೂನ್ 3, ಸೋಮವಾರ. ಬೆಳಿಗ್ಗೆ 6.30

ಸ್ನಾನ ಮುಗಿಸಿ ಎಂದಿನಂತೆ ಶ್ರೀವಿದ್ಯೆಯ ಪಟವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ನಿನ್ನೆಯ ಗಂಧ ಒಣಗಿತ್ತು, ತುಸು ಉಜ್ಜಬೇಕಾಯಿತು. ಬಟ್ಟೆ ಹಿಂಡಿದರೆ ಕಂದು ನೀರು. ಗಂಧವೆಂದುಕೊಂಡೆ. ಕನ್ನಡಕ ಹಾಕಿಕೊಂಡು ನೋಡಿದೆ — ಹಣೆ, ಮೂಗು, ಎಡಗಣ್ಣು ಮಾಸಿವೆ; ಎಡಹುಬ್ಬು ಇಲ್ಲವೇ ಇಲ್ಲ.

ವಸುಧಕ್ಕನಿಗೆ ಹೇಳಿಲ್ಲ. ಶ್ರೀವಿದ್ಯೆ ಅವಳ ಮಗಳು, ಹತ್ತೊಂಬತ್ತಕ್ಕೇ ತೀರಿಕೊಂಡವಳು. ಉಳಿದಿರುವುದು ಇದೊಂದೇ ಚಿತ್ರ. ಅಕ್ಕನ ಎರಡು ಕಣ್ಣಿಗೂ ಪೊರೆ. ಪಟಕ್ಕೆ ಕೈಮುಗಿಯುತ್ತಾಳೆ, ಮುಖ ಕಾಣದು. ಹದಿಮೂರರಂದು ಬಲಗಣ್ಣಿನ ಶಸ್ತ್ರಚಿಕಿತ್ಸೆ.

"ಕಣ್ ಬಂದ್ಮೇಲೆ ಮೊದ್ಲು ವಿದ್ಯಾ ಮುಖ ನೋಡ್ಬೇಕು ಕಣ್ಲಾ ವೆಂಕಟಾ. ಆಮೇಲೆ ನಿನ್ ಮೂತಿ," ಎಂದು ನಕ್ಕಳು.

ಹತ್ತು ದಿನಗಳಿವೆ.

ಜೂನ್ 5, ಬುಧವಾರ

ಶಕ್ತಿವೇಲನ ಅಂಗಡಿಗೆ ಹೋದೆ. ಮೂಲ ಛಾಯಾಚಿತ್ರ ತೇವಕ್ಕೆ ಗಾಜಿಗೆ ಅಂಟಿ ಹರಿದಾಗ, ನಾಲ್ಕು ವರ್ಷದ ಹಿಂದೆ, ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿಕೊಟ್ಟವನು ಅವನೇ. ನೂರು ವರ್ಷ ಬಾಳುತ್ತದೆ ಎಂದಿದ್ದ.

"ಗೋಡೆ ಮೇಲೆ ಸುಮ್ಕೆ ಇದ್ರೆ ನೂರು ವರ್ಸ ಸಾರ್! ದಿನಾ ತಣ್ಣಿ, ಅದೇ ನೀರು, ಆಕಿ ಉಜ್ಜಿದ್ರೆ ಇಂಕ್ ಎಂಗೆ ನಿಲ್ತೈತೆ? ವಾರ್ನಿಷ್ ಬಳೀತೀನಿ ಅಂದಾಗ ಬ್ಯಾಡ ಅಂದೋರು ಯಾರು?"

ನಾನೇ. ಹೊಳಪು ಅಕ್ಕನ ಕಣ್ಣು ಕುಕ್ಕುತ್ತದೆ ಎಂದಿದ್ದೆ. ಒರೆಸುವುದು ಗಾಜಿದ್ದಾಗಿನ ಅಭ್ಯಾಸ. ಗಾಜು ಹೋದರೂ ಬಿಡಲಿಲ್ಲ.

"ಇನ್ನೊಂದು ಪ್ರತಿ ತೆಗೆದುಕೊಡಿ."

"ಆ ಫೋಟೋ ಇದ್ದ ಕಂಪ್ಯೂಟರ್ ಕೆಟ್ಟೋಗಿ ಎರಡು ವರ್ಸ ಆಯ್ತು. ಒರಿಜಿನಲ್ ತನ್ನಿ ಸಾರ್, ನಾಳೇನೇ ಕೊಡ್ತೀನಿ."

ಮೂಲ... ಹರಿದ ಪಟ ಮನೆಯಲ್ಲಿರಬಾರದೆಂದು ಮೆಟ್ಟೂರಿನಲ್ಲಿ ಕಾವೇರಿಗೆ ಬಿಟ್ಟವನೂ ನಾನೇ.

ಜೂನ್ 11, ಮಂಗಳವಾರ

ಮೂಲ ಪಟ ತೆಗೆದ ಹರೂರಿನ ಸ್ಟುಡಿಯೋ ಈಗಿಲ್ಲ. ವಿದ್ಯೆಯ ಸಹಪಾಠಿ ಶಶಿಕಲಾಳಿಗೆ ಫೋನ್ ಮಾಡಿದೆ.

"ಕಾಲೇಜ್ ಗ್ರೂಪ್ ಫೋಟೋ ಐತೆ ಮಾಮ. ಆದ್ರೆ ಅದ್ರಾಗೆ ವಿದ್ಯಾ ಇಲ್ಲ. ಅವತ್ತು ಅವಳಿಗೆ ಜ್ವರ."

ಕಂದು ಪೆನ್ಸಿಲು ಕೊಂಡು ತಂದೆ. ಪಟದ ಮುಂದೆ ಬಹಳ ಹೊತ್ತು ನಿಂತೆ. ಬರೆಯಲಿಲ್ಲ. ಬರೆದರೆ ಅದು ನನ್ನ ಹುಬ್ಬಾಗುತ್ತದೆ, ಅವಳದಲ್ಲ.

ಸಂಜೆ ಅಕ್ಕ ಕೇಳಿದಳು: "ಏನ್ಲಾ, ಒಂದ್ ವಾರದಿಂದ ಬೆಳಿಗ್ಗೆ ಬಟ್ಟೆ ಇಂಡೋ ಸದ್ದೇ ಇಲ್ವಲ್ಲ?"

ಬೆನ್ನುನೋವು ಎಂದೆ. ಈ ವಯಸ್ಸಿನಲ್ಲಿ ಸುಳ್ಳು.

ಜೂನ್ 14, ಶುಕ್ರವಾರ. ಮಧ್ಯಾಹ್ನ 12

ಕಣ್ಣಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳೇ ನೇರ ಪಟದ ಮುಂದೆ. ನಾನು ಅಡುಗೆಮನೆಯ ಬಾಗಿಲಲ್ಲಿ ಉಳಿದೆ. ಹಣೆ ಬಿಳುಚಿ ಬರಿಯ ಬಟ್ಟೆಯಾಗಿದೆ, ಮೂಗು ಒಂದು ಗೆರೆ. ಬಲಗಣ್ಣು, ಅದರ ಹುಬ್ಬು, ತುಟಿ, ಭುಜದ ಮೇಲಿನ ಜಡೆ — ಅಷ್ಟು ಉಳಿದಿವೆ.

"ಈ ಜಡೆ ನಾನೇ ಎಣೆದಿದ್ದು," ಎಂದಳು. ನನ್ನತ್ತ ತಿರುಗಿ, "ಅಯ್ಯೋ, ನೀನ್ ಎಷ್ಟ್ ಮುದುಕ ಆಗ್ಬಿಟ್ಟಿದೀಯಲಾ!"

"ಅಕ್ಕ, ನಾನೇ ಒರೆಸಿ ಒರೆಸಿ..."

"ಗೊತ್ತಾಯ್ತು ಬಿಡು. ಇನ್ಮೇಲೆ ಮುಟ್ಬ್ಯಾಡ. ಉಳಿದಿರೋದು ನನ್ ಕಾಲಕ್ಕೆ ಸಾಕು."

ಬೈದಿದ್ದರೆ ಚೆನ್ನಾಗಿತ್ತು.

ಜೂನ್ 20, ಗುರುವಾರ. ಬೆಳಿಗ್ಗೆ 6.30

ಸ್ನಾನವಾಯಿತು. ಕೈ ತಾನಾಗಿ ಬಟ್ಟೆ ನೆನೆಸಿ ಹಿಂಡಿತ್ತು. ಸದ್ದು ಕೇಳಿ ಅಕ್ಕ ಪಟದ ಮುಂದಿನಿಂದಲೇ ಕರೆದಳು.

"ಬಟ್ಟೆ ಇಟ್ಟು ಬಾ ಇಲ್ಲಿ. ನನ್ ಕಣ್ ಮಂಜಾದ ಮೇಲೆ ಇವಳನ್ನ ದಿನಾ ನೋಡ್ದೋನು ನೀನೊಬ್ನೇ. ಆ ಎಡಹುಬ್ಬು ಎಂಗಿತ್ತು ಅಂತ ಏಳು."

ಈ ಡೈರಿಯಲ್ಲಿ ಬರೆದು, ಓದಿ ಹೇಳುತ್ತೇನೆ ಎಂದೆ. ಕಾಯುತ್ತಿದ್ದಾಳೆ. ದಿನವೂ ಒರೆಸಿದ್ದೇನೆ, ನೋಡಿದ್ದೇನೆಯೇ?

ಎಡಹುಬ್ಬು ಬಲಹುಬ್ಬಿಗಿಂತ ತುಸು...