ಅಂಟಿಸಿದ ಹಲ್ಲು

ವನಜಕ್ಕ,

ನೀನು ತೀರಿಕೊಂಡ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ಇಂದಿರಾಪುರಂನ ನಮ್ಮ ಸೊಸೈಟಿ ಪಾರ್ಕಿನಲ್ಲಿ ಮಗಳು ಅನಘಾ ಜಾರುಬಂಡೆಯಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಹಾಲುಹಲ್ಲಲ್ಲ, ಹೋದ ವರ್ಷ ಬಂದ ಶಾಶ್ವತ ಹಲ್ಲು. ಮುರಿದ ಚೂರನ್ನು ಹಾಲಿನಲ್ಲಿ ಹಾಕಿಕೊಂಡು ಓಡಿದೆ. ಡಾಕ್ಟರು ಅದೇ ಚೂರನ್ನು ಹಲ್ಲಿನ ಬಣ್ಣದ್ದೇ ಆದ ಕಾಂಪೋಸಿಟ್ ಎಂಬ ಅಂಟಿನಿಂದ ಕೂಡಿಸಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಹತ್ತಿರದಿಂದ ನೋಡಿದರೂ ಗೆರೆ ಕಾಣುವುದಿಲ್ಲ.

ಜನಕಪುರಿಯ ಮನೆಯ ಮೆಟ್ಟಿಲಲ್ಲಿ ಬಿದ್ದಾಗ ನಿನಗೂ ಎಂಟೇ ವರ್ಷ. ನಿನ್ನ ಹಲ್ಲಿನ ಚೂರನ್ನು ಯಾರೂ ಹುಡುಕಲಿಲ್ಲ. ಮದುವೆಯ ಫೋಟೋದಲ್ಲೂ ನೀನು ತುಟಿ ಬಿಚ್ಚಿ ನಗಲಿಲ್ಲ. "ನಾನೇ ಜಾರಿ ಬಿದ್ದೆ ಅಮ್ಮಾ" ಎಂದು ಅವತ್ತು ನೀನು ಅಳುತ್ತಾ ಹೇಳಿದೆ. ನಿನ್ನ ಹಿಂದೆಯೇ ನಿಂತಿದ್ದ ನಾನು ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಪಕ್ಕದ ಫ್ಲ್ಯಾಟಿನ ಪುಟ್ಟ ಇಶಿತಾ ಬಾಗಿಲು ತಟ್ಟಿದಳು. "ಸಾರಿ ಆಂಟಿ, ಧಕ್ಕಾ ಮೈನೇ ದಿಯಾ ಥಾ" ಎಂದು, ನೂಕಿದ್ದು ತಾನೇ ಎಂದು ಒಪ್ಪಿಕೊಂಡು, ಬಿಕ್ಕತೊಡಗಿದಳು. ಅನಘಾ ಒಳಗಿನಿಂದ ಓಡಿಬಂದು, "ಅಚ್ಛಾ, ಚಲೋ ಖೇಲ್ತೇ ಹೈಂ" ಎನ್ನುತ್ತಾ ಅವಳ ಕೈಹಿಡಿದು ಆಡಲು ಎಳೆದುಕೊಂಡು ಹೋದಳು.

ಒಪ್ಪಿಕೊಳ್ಳಲು ಆ ಮಗುವಿಗೆ ಒಂದೇ ದಿನ ಸಾಕಾಯಿತು, ಅಕ್ಕ. ನನಗೆ ಮೂವತ್ತು ವರ್ಷ ಸಿಕ್ಕಿತ್ತು.

ನಿನ್ನ ಶಾಲಿನಿ