ತಂಗಿಗೆ ನಾನು ಹೇಳಿಕೊಟ್ಟ ನೆನಪು

ಮಕ್ಕಳ ರಕ್ಷಣಾ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂಗಿಗೆ, ತಮ್ಮ ಸುಪರ್ದಿಯಲ್ಲಿರುವ ಅವಳ ಆರು ವರ್ಷದ ಮಗಳನ್ನು ನೋಡಲು ತಿಂಗಳಿಗೆ ಎರಡು ಶನಿವಾರ, ಎರಡೆರಡು ಗಂಟೆ ಸಿಗುತ್ತಿತ್ತು. ಹೋದ ತಿಂಗಳು ತಾವು ಅದನ್ನೂ ನಿಲ್ಲಿಸಿದಿರಿ. "ತಾಯಿಗೆ ಮಗುವಿನ ಕುರಿತು ನಿರ್ದಿಷ್ಟ ನೆನಪುಗಳಿಲ್ಲ, ಹೇಳಿದ ಒಂದು ನೆನಪೂ ಸುಳ್ಳು" ಎಂದು ಆದೇಶದಲ್ಲಿದೆ. ಎಷ್ಟು ಚೊಕ್ಕ ವಾಕ್ಯ! ಇದರ ಬಗ್ಗೆ ಮಾತಾಡಲು ನಾಲ್ಕು ಸಲ ಬಂದೆ. ನಾಲ್ಕೂ ಸಲ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅವಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ. ಅಕ್ಕರೆ, ಸಿಟ್ಟು, ಭಯ ಎಲ್ಲವೂ ಅಳತೆ ಮೀರಿ ಬರುವ ಕಾಯಿಲೆ. ಇಂಥ ಕೆಲವರಿಗೆ ಬದುಕಿನಿಂದ ಒಂದೇ ಒಂದು ದಿನವನ್ನು ಬಿಡಿಸಿ ಹೇಳುವುದು ಕಷ್ಟವೆಂದು ಅವಳ ಡಾಕ್ಟರಮ್ಮ ಬರೆದುಕೊಟ್ಟ ಕಾಗದ ತಮ್ಮ ಕಡತದಲ್ಲೇ ಇದೆ. ಓದಿದಿರಾ? ಮಗಳೊಂದಿಗೆ ಕಳೆದ ಒಂದು ಒಳ್ಳೆಯ ದಿನ ಹೇಳು ಎಂದರೆ ಅವಳು "ಯಾವಾಗಲೂ ಆಡ್ತಿದ್ವಿ" ಅನ್ನುತ್ತಾಳೆ. ಯಾವ ದಿನ ಎಂದರೆ ಮತ್ತೆ "ಯಾವಾಗಲೂ." ಮನಸ್ಸು ಕೆಟ್ಟಿದ್ದರೆ, "ಎಲ್ಲಾ ನನ್ನಿಂದಾನೇ ಹಾಳಾಯ್ತು." ಹೋದ ವರ್ಷ ಮಾರ್ಚಿನ ಎರಡನೇ ಮಂಗಳವಾರ ಯಾವ ತಾಯಿಯ ಅರ್ಜಿ ತಳ್ಳಿಹಾಕಿದಿರಿ, ತಾವು ಹೇಳಬಲ್ಲಿರಾ? ಹೇಳಲಾಗದಿದ್ದರೆ ಕುರ್ಚಿ ಬಿಡುತ್ತೀರಾ?

ಆದರೆ ಆ ಸುಳ್ಳು ಇತ್ತು. ಅದು ನನ್ನದು.

ನಾನು ಶಿಶುವಿಹಾರದಲ್ಲಿ ಮಕ್ಕಳಿಗೆ ಕಥೆ ಹೇಳುವವಳು. ಹಳ್ಳಿಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತ ವಿದ್ಯೆ. ಬಾಲವಿಲ್ಲದ ನರಿಗೆ ಬಾಲ ಅಂಟಿಸುವುದು ನನಗೆ ನೀರು ಕುಡಿದಷ್ಟು ಸುಲಭ. ತಮ್ಮ ವಿಚಾರಣೆಗೆ ಒಂದು ವಾರವಿರುವಾಗ ತಂಗಿಯನ್ನು ಕೂರಿಸಿಕೊಂಡು, ಮಗುವಿನ ಮೊದಲ ಹಲ್ಲು ಬಿದ್ದ ದಿನವನ್ನು ಹೇಳಿಕೊಟ್ಟೆ.

"ಬ್ರೆಡ್ ಕಚ್ಚಿದಳು, ಹಲ್ಲು ಅದರಲ್ಲೇ ಉಳೀತು. ಹೇಳು."

"ನಾನು ಅಲ್ಲಿದ್ನಾ ಅಕ್ಕಾ?"

"ಇದ್ದೆ ಕಣೇ. ಅವಳು ಅತ್ತಳು, ನೀನು ನಕ್ಕೆ, ಆಮೇಲೆ ಅವಳೂ ನಕ್ಕಳು."

"ನಂಗೆ ಕಾಣಿಸ್ತಾನೇ ಇಲ್ಲ."

"ಕಾಣದಿದ್ರೆ ಬಾಯಿಪಾಠ ಮಾಡು. ಮಗ್ಗಿ ಹಂಗೇ ತಾನೆ ಕಲ್ತಿದ್ದು, ಕೋತಿ!"

ನಕ್ಕಳು. ವಾರವೆಲ್ಲ ಇಸ್ತ್ರಿಪೆಟ್ಟಿಗೆ ಎಳೆಯುತ್ತಾ ಹೇಳಿಕೊಂಡಳಂತೆ. ಒಂದು ಸಂಜೆ ಫೋನ್ ಮಾಡಿ, "ಅಕ್ಕಾ, ಈಗ ಕಾಣಿಸ್ತಾ ಇದೆ! ಅವಳ ಫ್ರಾಕು ಹಳದಿ ಅಲ್ವಾ?" ಎಂದಳು. ನಾನು ಫ್ರಾಕಿನ ಮಾತೇ ಎತ್ತಿರಲಿಲ್ಲ. ಅವಳ ದನಿಯಲ್ಲಿದ್ದ ಸಂತೋಷ ಕೇಳಿ, "ಹೂಂ, ಹಳದಿ" ಎಂದುಬಿಟ್ಟೆ.

ಹಲ್ಲು ಬಿದ್ದ ದಿನ ತಂಗಿ ಆಸ್ಪತ್ರೆಯಲ್ಲಿದ್ದಳು, ಮಗು ನನ್ನ ಮನೆಯಲ್ಲಿತ್ತು. ವಿಚಾರಣೆಯಲ್ಲಿ ಅವಳು ನಾನು ಹೇಳಿಕೊಟ್ಟದ್ದನ್ನೇ ಹೇಳಿದಳು. ತಾವು ಮಗುವನ್ನು ಪಕ್ಕದ ಕೋಣೆಯಲ್ಲಿ ಕೇಳಿದಿರಿ. ಅದು ನಿಜ ಹೇಳಿತು: "ಅಮ್ಮ ಇರ್ಲಿಲ್ಲ. ದೊಡ್ಡಮ್ಮ ಇದ್ರು." ಆ ಮಾತನ್ನು ತಂಗಿಯ ಮುಂದೆ ಓದಿ ಹೇಳಿದಾಗಲೂ ಅವಳು ನನ್ನನ್ನು ಹಿಡಿದುಕೊಡಲಿಲ್ಲ. "ಹಂಗಾದ್ರೆ ನನ್ನ ಹತ್ರ ಏನೂ ಇಲ್ಲ" ಎಂದಷ್ಟೇ ಹೇಳಿ ಎದ್ದು ಬಂದಳು.

ಅವಳಲ್ಲಿ ಏನೂ ಇಲ್ಲವೇ? ಡಾಕ್ಟರಮ್ಮ ಒಮ್ಮೆ ಮಗುವಿನ ಹಳೆಯ ಸ್ವೆಟರನ್ನು ಅವಳ ಕೈಗಿಟ್ಟು ಅರ್ಧ ಗಂಟೆ ಸುಮ್ಮನೆ ಕಾದರು. ಗುಂಡಿ ಕಿತ್ತುಹೋದ ಜಾಗವನ್ನು ಬೆರಳಿನಿಂದ ಸವರುತ್ತಾ, ಮಗು ಆ ಗುಂಡಿ ನುಂಗಿದ್ದು, ತಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕ್ಲಿನಿಕ್‌ಗೆ ಓಡಿದ್ದು, ಎಲ್ಲವನ್ನೂ ಹೇಳಿದಳು. ಕ್ಲಿನಿಕ್‌ನ ಚೀಟಿ ಇಂದಿಗೂ ನನ್ನ ಬಳಿಯಿದೆ. ತಾವು ಕೊಟ್ಟದ್ದು ಹತ್ತು ನಿಮಿಷ, ಒಂದು ಖಾಲಿ ಮೇಜು. ನಾನೋ, ಅವಳಿಗಾಗಿ ಕಾಯುವ ತಾಳ್ಮೆಯಿಲ್ಲದೆ ನನ್ನ ದಿನವನ್ನೇ ಅವಳ ಬಾಯಿಗೆ ತುರುಕಿದೆ.

ಈಗ ಅವಳಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ಮೊನ್ನೆ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಅಕ್ಕಾ, ಅವಳನ್ನ ಹೆತ್ತಿದ್ದಾದ್ರೂ ನಾನೇ ತಾನೇ?"

ತಪ್ಪಿಗೆ ಶಿಕ್ಷೆ ಬೇಕೆಂದರೆ ನನಗೆ ಕೊಡಿ. ಮಗುವಿನ ಹತ್ತಿರ ನನ್ನನ್ನು ಸೇರಿಸಬೇಡಿ, ಒಪ್ಪಿಗೆ. ತಂಗಿಯನ್ನು ಇನ್ನೊಮ್ಮೆ ಕರೆಸಿ, ಡಾಕ್ಟರಮ್ಮನನ್ನು ಪಕ್ಕದಲ್ಲಿ ಕೂರಿಸಿ, ಅವಸರಪಡದೆ ಕೇಳಿ. ಅದಕ್ಕೂ ಮೊದಲು ಅವಳ ಭೇಟಿಯನ್ನು ಅವಳಿಗೆ ಹಿಂತಿರುಗಿಸಿ. ಕಳೆದ ದಿನಗಳು ಕೈಗೆ ಸಿಗದವಳಿಂದ ಬರುವ ದಿನಗಳನ್ನೂ ಕಸಿದುಕೊಂಡರೆ, ಮುಂದೆ ಅವಳು ಏನನ್ನು ನೆನೆಯಬೇಕು ಸ್ವಾಮಿ?

ಇಂತಿ,
ಒಳ್ಳೆಯದಾಗಲೆಂದು ಕೆಡಿಸಿದ ಅಕ್ಕ