ನಿಂಬೆವ್ವ ಯಾರನ್ನೂ ಉಳಿಸಬೇಕಾಗಿಲ್ಲ

ತೇಲೂರು, ಕೃಷ್ಣೆಯ ಹಿನ್ನೀರು
ಫೆಬ್ರವರಿ 30, 2214

ಮಕ್ಕಳಿಗೆ ಕರುಣೆ ಕಲಿಸಲೆಂದು ಕಥೆ ಬರೆಯುತ್ತಿರುವ ಹಿರಿಯರಿಗೆ ಶಂಕ್ರೆಪ್ಪನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಹಬ್ಬಗಳಿಗೆ ಬಿಟ್ಟಿದ್ದೇವೆ. ಅದರಲ್ಲೊಂದು ಕರುಣೆಯ ಹಬ್ಬ. ಆ ಮಾತು ಮುಂದೆ ಬರುತ್ತದೆ. ನನ್ನ ಪದಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವನು ನಾನು. ಆದರೂ ಕಾಗದ ಬರೆಯುವುದರಲ್ಲಿ ಈ ಹಿನ್ನೀರಿನ ಹನ್ನೆರಡು ಊರುಗಳಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇಕಾದರೆ ವಿಚಾರಿಸಿ ನೋಡಿ. ನಿಮಗೆ ವಿಚಾರಿಸಲು ಆಗುವುದಿಲ್ಲ, ಅದು ನನ್ನ ಅನುಕೂಲ.

ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಓಲೆ. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ ಕೊಡುತ್ತಾರೆ. ನನ್ನ ಓರಗೆಯವರು ಮುತ್ತಜ್ಜಿಗೆ ಬರೆದು ಹೋಳಿಗೆಯ ಹದ ಕೇಳಿದ್ದಾರೆ. ಉತ್ತರ ಬರುವ ದಾರಿಯೇ ಇಲ್ಲವೆಂದು ಅವರಿಗೆ ಆಮೇಲೆ ಹೊಳೆದಿದೆ. ನಾನು ನನ್ನ ಓಲೆಯನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ಕಾರಣ, ನಿಮ್ಮ ಕಥೆಗಳನ್ನು ಓದಿ ನನಗೆ ಹೇಸಿಗೆಯಾಗಿದೆ.

ನಮ್ಮ ಊರು ನೀರ ಮೇಲೆ ತೇಲುತ್ತದೆ. ಮನೆಗಳು ತೆಪ್ಪದ ಮೇಲೆ, ಬೀದಿಗಳು ಹಲಗೆಯವು, ಜೋಳ ಬೆಳೆಯುವುದು ತೇಲುಮಡಿಗಳಲ್ಲಿ. ಶಾಲೆಯೂ ಒಂದು ದೊಡ್ಡ ತೆಪ್ಪ. ಅದನ್ನು ವಾರಕ್ಕೊಂದು ಬೀದಿಗೆ ಎಳೆದು ಕಟ್ಟುತ್ತೇವೆ, ಯಾವ ಓಣಿಯ ಮಕ್ಕಳಿಗೂ ವರ್ಷವಿಡೀ ದೂರವಾಗಬಾರದೆಂದು. ಇಷ್ಟೆಲ್ಲ ಯೋಚಿಸುವ ಜನ ಶಾಲೆ ಹತ್ತಲು ಇಟ್ಟಿರುವುದು ಮಾತ್ರ ಒಂಬತ್ತು ಮೆಟ್ಟಿಲಿನ ಏಣಿ. ಏಣಿ ಹತ್ತಲಾಗದ ಮಗು ಮನೆಯಲ್ಲೇ ಅಕ್ಷರ ಕಲಿಯುತ್ತದೆ, ಇಲ್ಲವೇ ನಾಲ್ಕು ಜನರ ಕೈಯಲ್ಲಿ ಮೂಟೆಯಂತೆ ಮೇಲೇರುತ್ತದೆ. ಕರುಣೆಯ ಹಬ್ಬಕ್ಕೆ ಪ್ರತಿವರ್ಷ ಹೊಸ ಹಲಗೆ ಹೊಡೆದು ವೇದಿಕೆ ಕಟ್ಟುತ್ತಾರೆ. ಅದರ ಮೇಲೆ ನಿಮ್ಮ ಕಾಲದ ಕಥೆಗಳನ್ನು ಆಡಿಸುತ್ತಾರೆ. ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಕುಂಟ ಹುಡುಗಿಯ ಪಾತ್ರಕ್ಕೆ ಮಾತ್ರ ಚೀಟಿಯಿಲ್ಲ. ಕುಂಟುವವರು ಇದ್ದೇ ಇರುತ್ತಾರಲ್ಲ.

ಎಲ್ಲ ಕಥೆಯೂ ಒಂದೇ. ಕಾಲಿಲ್ಲದವಳನ್ನೋ ಕಣ್ಣಿಲ್ಲದವನನ್ನೋ ತುಂಟನೊಬ್ಬ ಕಾಡುತ್ತಾನೆ. ಒಂದು ದಿನ ಅವನೇ ಅಪಾಯಕ್ಕೆ ಸಿಕ್ಕುತ್ತಾನೆ. ಕಾಡಿಸಿಕೊಂಡವರೇ ಬಂದು ಅವನನ್ನು ಉಳಿಸುತ್ತಾರೆ. ಅವನು ಅಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮರುದಿನದಿಂದ ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಇದೇ ಕಥೆ ನನ್ನ ಹತ್ತನೇ ವಯಸ್ಸಿನಲ್ಲಿ ನನ್ನ ಕೈಯಿಂದ ಏನು ಮಾಡಿಸಿತೆಂದು ಹೇಳುತ್ತೇನೆ.

ನಮ್ಮ ತರಗತಿಯಲ್ಲಿ ಸಿದ್ದವ್ವ ಎಂಬವಳಿದ್ದಳು. ಸೊಂಟದಿಂದ ಪಾದದವರೆಗೆ ಕಾಲ್ಗೂಡು ಕಟ್ಟಿಕೊಳ್ಳುತ್ತಿದ್ದಳು. ಸೋತ ಕಾಲನ್ನು ಎತ್ತಿಡುವ ಲೋಹದ ಚೌಕಟ್ಟು ಅದು. ಹಲಗೆಬೀದಿಯಲ್ಲಿ ಟಕ್ ಟಕ್ ಎಂದು ಸದ್ದಾಗುತ್ತಿತ್ತು. ಅವಳ ಹಿಂದೆ ಕಾಲೆಳೆಯುತ್ತ, ಬಾಯಲ್ಲಿ ಆ ಸದ್ದು ಮಾಡುತ್ತ ನಡೆಯುವ ಆಟವನ್ನು ಕಂಡುಹಿಡಿದವನು ನಾನು. ಅಣಕಿಸುವುದರಲ್ಲೂ ನಾನೇ ಮುಂದು ಎಂದು ಆಗ ಬೀಗುತ್ತಿದ್ದೆ. ಮೂವತ್ತೊಂದು ಮಕ್ಕಳು ನಗುತ್ತಿದ್ದರು. ಸಾಕು ಬಿಡೋ ಎಂದು ಒಬ್ಬರಾದರೂ ಅಂದಿದ್ದರೆ ಬಿಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅವರ ನಗು, ಅವಳ ಅಳುವಲ್ಲ.

ಹಬ್ಬದ ಮುಂಚೆ ನಮಗೆ ಪಾಠ ಹೇಳುವ ಅಕ್ಕೋರು ನಿಮ್ಮ ಕಥೆ ಓದಿದರು. ನನ್ನ ಎದೆ ನಿಜವಾಗಿಯೂ ಕರಗಿತು. ಬದಲಾಗಬೇಕೆಂದು ಅನ್ನಿಸಿತು. ಆದರೆ ಬದಲಾಗಲು ಮೊದಲು ಮುಳುಗಬೇಕು, ಅವಳು ಉಳಿಸಬೇಕು. ಕಥೆಯಲ್ಲಿ ಹಾಗೇ ಇತ್ತು. ತೇಲೂರಿನಲ್ಲಿ ನನ್ನಂಥ ಈಜುಗಾರ ಇರಲಿಲ್ಲ, ಈಗಲೂ ಇಲ್ಲ. ಇನ್ನೂರು ಎಣಿಸುವವರೆಗೆ ಉಸಿರು ಹಿಡಿಯುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳೊಬ್ಬಳೇ ಹಲಗೆಯ ಅಂಚಿನಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಾಗ ಎದುರಿಗೇ ನೀರಿಗೆ ಬಿದ್ದು ಕೈಕಾಲು ಬಡಿದೆ.

ಅವಳು ರೊಟ್ಟಿ ಬಿಡಲಿಲ್ಲ. “ಸಾಕು ಹೊರಗ ಬಾರೋ ಶಂಕ್ರ್ಯಾ. ನಿನ್ನ ಅಂಗಿ ಒಗದು ಒಗದು ನಿಮ್ಮವ್ವನ ಕೈ ಸವದಾವ,” ಅಂದಳು.

ಕಥೆ ಕೆಡುತ್ತದಲ್ಲ ಎಂದು ನಾನು ನೀರೊಳಗೆ ಮುಳುಗಿ ಉಸಿರು ಕಟ್ಟಿದೆ. ನೂರು ದಾಟಿತು, ನೂರೈವತ್ತು ದಾಟಿತು. ಮೇಲೆ ಅವಳು ಕೂಗಿದ್ದು ನೀರೊಳಗೂ ಕೇಳಿತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವಳಿಗೆ ಎಟುಕಿದ್ದು ಒಂದೇ: ಕಾಲ್ಗೂಡಿನ ಪಟ್ಟಿ ಬಿಚ್ಚಿ, ಹೊಟ್ಟೆಯ ಮೇಲೆ ಮಲಗಿ, ಅದನ್ನೇ ನನ್ನತ್ತ ಚಾಚಿದಳು. ನಾನು ಮೇಲೆ ಬಂದು ಸಂತೋಷದಿಂದ ಹಿಡಿದೆ. ಅಷ್ಟು ಭಾರವಿದ್ದೀತೆಂದು ಊಹಿಸಿರಲಿಲ್ಲ. ಅವಳ ಕೈಯಿಂದಲೂ ಜಾರಿತು, ನನ್ನ ಕೈಯಿಂದಲೂ ಜಾರಿತು.

ಅಲ್ಲಿ ನೀರಿನ ಆಳ ಅರವತ್ತು ಅಡಿ. ನಲವತ್ತು ದಿನ ಮುಳುಗಿ ಹುಡುಕಿದೆ, ಸಿಗಲಿಲ್ಲ. ಹೊಸದು ಅಳತೆಗೆ ಸರಿಯಾಗಿ ತಯಾರಾಗಿ ಬರಲು ಹನ್ನೊಂದು ತಿಂಗಳು ಹಿಡಿಯಿತು. ಹನ್ನೊಂದು ತಿಂಗಳು ಸಿದ್ದವ್ವ ಮನೆಯಿಂದ ಹೊರಗೆ ಬರಲಿಲ್ಲ. ಒಂದು ದಿನ ಮಾತ್ರ ಬಂದಳು; ಬಂದಳು ಅನ್ನಬಾರದು, ಹೊತ್ತು ತಂದರು. ಕರುಣೆಯ ಹಬ್ಬದ ದಿನ ಅವಳನ್ನು ವೇದಿಕೆಯ ಮೇಲೆ ಕೂರಿಸಿ, ಕಥೆ ನಿಜವಾಯಿತೆಂದು ಹೂಮಾಲೆ ಹಾಕಿದರು. ಒಂದು ಮಾಲೆ ನನಗೂ ಬಿತ್ತು, ಮನಸ್ಸು ಬದಲಾದದ್ದಕ್ಕೆ. ನಾನು ಭಾಷಣವನ್ನೂ ಮಾಡಿದೆ, ಜನ ಕಣ್ಣೊರೆಸಿಕೊಂಡರು. ಅವಳು ನನ್ನ ಕಿವಿಯ ಹತ್ತಿರ ಮೆಲ್ಲಗೆ ಅಂದಳು: “ನೀ ಮುಳುಗಿರಲಿಲ್ಲಂತ ನಂಗ ಗೊತ್ತೈತಿ. ನನ್ನ ಕಾಲು ನನಗ ಕೊಡು.”

ನಾವು ಗೆಳೆಯರಾಗಲಿಲ್ಲ. ಅವಳು ಈಗ ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನನ್ನ ಜೋಳ ಬೀಸಿ ಕೊಡುತ್ತಾಳೆ, ಮುಖ ನೋಡುವುದಿಲ್ಲ.

ಇದನ್ನು ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಯುತ್ತಿದ್ದೆನೇನೋ. ಆದರೆ ನನ್ನ ತಂಗಿಯ ಮಗಳು ನಿಂಬೆವ್ವ ಬರುವ ಸೋಮವಾರ ಶಾಲೆಗೆ ಸೇರುತ್ತಾಳೆ. ಏಳು ವರ್ಷ. ಹುಟ್ಟಿನಿಂದ ಎಡಗೈ, ಎಡಗಾಲಿನಲ್ಲಿ ಬಲವಿಲ್ಲ. ಬಾಯಲ್ಲಿ ಮಾತ್ರ ಮೂರು ಜನರ ಬಲವಿದೆ, ಅದು ನನ್ನ ಕಡೆಯಿಂದ ಬಂದದ್ದು. ಶಾಲೆಯ ತಯಾರಿಗೆಂದು ತಂಗಿ ಅವಳಿಗೆ ನಿಮ್ಮ ಕಥೆಗಳನ್ನು ಓದಿ ಹೇಳಿದ್ದಾಳೆ. ನಿನ್ನೆ ಬೆಳಿಗ್ಗೆ ನೋಡುತ್ತೇನೆ, ಹುಡುಗಿ ಹಲಗೆಯ ಅಂಚಿನಲ್ಲಿ ಬೋರಲು ಮಲಗಿ, ಸೊಂಟದವರೆಗೆ ನೀರಿನ ಮೇಲೆ ಬಾಗಿ, ಬಲಗೈ ಚಾಚಿ ಚಾಚಿ ಎಳೆಯುತ್ತಿದ್ದಾಳೆ. ಇನ್ನೊಂದು ಗೇಣು ಜಾರಿದ್ದರೆ ಹೋಗಿದ್ದಳು. ಲಂಗ ಹಿಡಿದು ಎಳೆದು, ಏನು ಮಾಡುತ್ತಿದ್ದೀ ಎಂದು ಬೈದೆ.

“ರೂಢಿ ಮಾಡ್ಕೊಳ್ಳಾಕತ್ತೀನಿ ಮಾವ,” ಅಂದಳು. “ನಂಗ ಈಜು ಬರೂದಿಲ್ಲ. ಸಾಲ್ಯಾಗ ಯಾರನ್ನ ಉಳಸಬೇಕು ನಾನು? ಉಳಸದಿದ್ರ ಆಟಕ್ಕ ತಗೋತಾರಿಲ್ಲೋ?”

ಅದಕ್ಕೇ ಕೇಳುತ್ತಿದ್ದೇನೆ. ಅವಳು ಯಾರನ್ನೂ ಉಳಿಸದ ಒಂದು ಕಥೆ ಬರೆಯಿರಿ. ಅದರಲ್ಲಿ ಅವಳು ಜಗಳಗಂಟಿಯಾಗಿರಲಿ, ಕುಂಟೆಬಿಲ್ಲೆಯಲ್ಲಿ ತನ್ನದೇ ನಿಯಮ ಮಾಡಿಕೊಂಡು ಮೋಸ ಮಾಡಲಿ, ಬೇರೆಯವರ ಪೇರಲಹಣ್ಣು ಕದ್ದು ತಿನ್ನಲಿ. ಯಾರಾದರೂ ಅವಳ ನಡಿಗೆಯನ್ನು ಅಣಕಿಸಿದರೆ, ನೋಡುತ್ತ ನಿಂತ ಮಕ್ಕಳಲ್ಲಿ ಒಬ್ಬರು ನಗದೆ, ಸಾಕು ಬಿಡೋ ಎನ್ನಲಿ, ಅದೇ ದಿನ, ಅಲ್ಲೇ. ಕಾಡಿದವನು ನೀರಿಗೆ ಬೀಳುವವರೆಗೆ ಕಾಯಬೇಡಿ.

ನನ್ನ ಪಾಲಿನ ಕೆಲಸ ನಾನು ಮಾಡಿದ್ದೇನೆ. ಇವತ್ತು ಮುಂಜಾನೆ ಕರುಣೆಯ ಹಬ್ಬದ ವೇದಿಕೆಯ ಹಲಗೆಗಳನ್ನು ಕಿತ್ತು, ಶಾಲೆಯ ಏಣಿಯ ಜಾಗದಲ್ಲಿ ಇಳಿಜಾರು ಹೊಡೆದಿದ್ದೇನೆ. ಹಬ್ಬದ ಸಮಿತಿಯವರು ನನ್ನನ್ನು ಹುಡುಕುತ್ತಿದ್ದಾರೆ, ಹುಡುಕಲಿ. ಅವರಿಗಿಂತ ಮೊದಲು ಸಿದ್ದವ್ವ ಬಂದಳು. ಟಕ್ ಟಕ್ ಎಂದು ಅರ್ಧ ಹತ್ತಿ ನಿಂತು, ಮೂವತ್ತೈದು ವರ್ಷಗಳ ಮೇಲೆ ನನ್ನ ಮುಖ ನೋಡಿ, “ಭಾಳ ಕಡಿದಾಗೈತಿ. ಇನ್ನೂ ಇಳಸು,” ಅಂದು ಹೋದಳು. ಈ ಓಲೆ ಮುಗಿಸಿ ಇಳಿಸಲು ಹೋಗುತ್ತೇನೆ.

ನಿಮ್ಮಲ್ಲಿ ಇನ್ನೂ ಸಮಯವಿದೆ. ನೀವು ಯಾವಾಗ ಬರೆದರೂ ನನ್ನ ಪಾಲಿಗೆ ಅದು ನೂರಾರು ವರ್ಷ ಹಳೆಯ ಪುಸ್ತಕ. ಬರೆದಿದ್ದೇ ಆದರೆ ಅದು ಈಗಾಗಲೇ ಶಾಲೆಯ ಕಪಾಟಿನಲ್ಲಿ ಎಲ್ಲೋ ಇರಬೇಕು. ಸೋಮವಾರ ನಿಂಬೆವ್ವ ಇಳಿಜಾರು ಹತ್ತುವ ಮೊದಲು ನಾನು ಒಳಗೆ ಹೋಗಿ, ಧೂಳು ಕೊಡವಿ, ಒಂದೊಂದೇ ಪುಸ್ತಕ ತೆಗೆದು ನೋಡುತ್ತೇನೆ.